ಮರುದಿನದ ಒಲೆ

ಹುನಗುಂದ–ಇಳಕಲ್ ಸೀಮೆಯ ಮನೆಗಳಲ್ಲಿ ಕುರಿಯ ತೊಡೆ ಬೇಯಿಸುವ ಬಗೆ, ಉಳಿದದ್ದನ್ನು ಕೆಡದಂತೆ ಕಾಯುವ ಕ್ರಮ, ಅದನ್ನು ಮತ್ತೊಂದು ಒಳ್ಳೆಯ ಊಟವಾಗಿಸುವ ಜಾಣ್ಮೆ

ಯುಗಾದಿಯ ಮರುದಿನ ಕರಿ. ಮಾಂಸದೂಟ ಮಾಡುವ ಮನೆಗಳಿಂದ ಅವತ್ತು ಮಧ್ಯಾಹ್ನಕ್ಕೇ ಮಸಾಲೆ ಖಾರದ ಘಮ ಓಣಿಗೆ ಹರಡುತ್ತದೆ. ಆದರೆ ಚಿಕ್ಕಂದಿನ ಆ ದಿನಗಳನ್ನು ನೆನೆದಾಗ ನನ್ನ ಕಣ್ಣಿಗೆ ಮೊದಲು ಬರುವುದು ಕರಿ ಕಳೆದ ಮರುದಿನದ ಮುಂಜಾನೆ. ಒಲೆ ಹಚ್ಚುವ ಮುಂಚೆ ಅವ್ವ ಬೋಗಾಣಿಯ ಮುಚ್ಚಳ ತೆಗೆಯುತ್ತಿದ್ದಳು. ಸಾರಿನ ಮೇಲೆ ಕೇಸರಿ ಬಣ್ಣದ ಚರಬಿ ಹೆಪ್ಪುಗಟ್ಟಿ ಕೂತಿರುತ್ತಿತ್ತು. ಅದನ್ನು ಸೌಟಿನಿಂದ ಮೆಲ್ಲಗೆ ಎತ್ತಿ ಬಟ್ಟಲಿಗೆ ಹಾಕುವಳು. ಆಮೇಲೆ ಎಲುಬು ಒಂದು ಕಡೆ, ಖಂಡ ಒಂದು ಕಡೆ, ಸಾರು ಒಂದು ಕಡೆ. ನಿನ್ನೆ ಹತ್ತು ಮಂದಿ ಉಂಡ ಅಡುಗೆಯ ಉಳಿಕೆ ಇವತ್ತು ಐದು ಮಂದಿಯ ಹೊಸ ಅಡುಗೆಯಾಗುವುದು ಅಲ್ಲಿಂದ ಶುರು.

“ಖಂಡ ಮಾಡಾಕ ಎಲ್ಲಾರಿಗೂ ಬರತೈತಿ. ಉಳದದ್ದನ್ನ ಉಣಸಾಕ ಬರಬೇಕು ನೋಡಪಾ” ಎನ್ನುತ್ತಿದ್ದಳು.

ಈಗ ನಾನೇ ಒಲೆಯ ಮುಂದೆ ನಿಂತು ಅಡುಗೆ ಮಾಡುವವನಾದ ಮೇಲೆ ಆ ಮಾತಿನ ತೂಕ ತಿಳಿಯುತ್ತಿದೆ. ಮಾಂಸ ಬೇಯಿಸುವುದನ್ನು ಯಾರಾದರೂ ಒಂದು ಮಧ್ಯಾಹ್ನದಲ್ಲಿ ಹೇಳಿಕೊಡಬಹುದು. ಎಷ್ಟು ತರಬೇಕು, ಯಾವ ಭಾಗ ತರಬೇಕು, ರಾತ್ರಿ ಉಳಿದದ್ದನ್ನು ಹೇಗೆ ಇಡಬೇಕು, ಮರುದಿನ ಅದನ್ನು ಯಾವುದಕ್ಕೆ ಸೇರಿಸಬೇಕು ಎಂಬ ಲೆಕ್ಕ ಮಾತ್ರ ಮನೆಯೊಳಗೆ ಇದ್ದು ಕಲಿಯುವಂಥದ್ದು. ಒಂದು ಜೀವ ನಮಗಾಗಿ ಹೋಗಿದೆ ಎಂದ ಮೇಲೆ ಅದರ ಒಂದು ತುಣುಕೂ ತಿಪ್ಪೆಗೆ ಹೋಗಬಾರದು. ನಮ್ಮ ಸೀಮೆಯ ಮಾಂಸದಡುಗೆ ಇಡಿಯಾಗಿ ನಿಂತಿರುವುದು ಈ ಮಾತಿನ ಮೇಲೆ.

ಅಮೀನಗಡದ ಸಂತೆಯಿಂದ

ಹುನಗುಂದದಿಂದ ಬಾಗಲಕೋಟೆಗೆ ಹೋಗುವ ದಾರಿಯಲ್ಲಿ ಅಮೀನಗಡ. ಹೊರಗಿನವರಿಗೆ ಈ ಊರು ಕರದಂಟಿನಿಂದ ಪರಿಚಿತ. ಕುರಿಗಾರರಿಗೆ, ಕಟುಕರಿಗೆ, ಹಬ್ಬಕ್ಕೆ ಮರಿ ಹುಡುಕುವ ಮನೆಯವರಿಗೆ ವಾರದ ಕುರಿ ಸಂತೆಯಿಂದ. ಬಕ್ರೀದ್ ಹತ್ತಿರವಾದಾಗ ಬೆಂಗಳೂರಿನ ಕುರಿ ವ್ಯಾಪಾರದಲ್ಲೂ ಬನ್ನೂರು ಕುರಿಯ ಜೊತೆ ಅಮೀನಗಡದ ಕುರಿಯ ಹೆಸರು ಕೇಳಿಬರುತ್ತದೆ. ಬಾದಾಮಿ ತಾಲ್ಲೂಕಿನ ಕೆರೂರಿನಲ್ಲೂ ಕುರಿ ಸಂತೆ ಕೂಡುತ್ತದೆ.

2019ರ 20ನೇ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿದ್ದವು. ತೆಲಂಗಾಣ, ಆಂಧ್ರಪ್ರದೇಶ ಬಿಟ್ಟರೆ ದೇಶದಲ್ಲಿ ಅತಿ ಹೆಚ್ಚು ಕುರಿಗಳಿದ್ದದ್ದು ನಮ್ಮಲ್ಲೇ. ನಮ್ಮ ಸೀಮೆಯಲ್ಲಿ ಕಾಣುವುದು ಉಣ್ಣೆಯ ಡೆಕ್ಕನಿ, ಉದ್ದ ಕಾಲಿನ ಯಳಗ. ಪಕ್ಕದ ಕೊಪ್ಪಳ, ರಾಯಚೂರು ಕಡೆಯಿಂದ ಬರುವ ಕೆಂಗುರಿ. ಇವು ಕೊಟ್ಟಿಗೆಯಲ್ಲಿ ಕೂತು ಮೇವು ತಿಂದು ಕೊಬ್ಬಿದ ಕುರಿಗಳಲ್ಲ. ಕಲ್ಲುಗುಡ್ಡ, ಕುರುಚಲು, ರಾಶಿ ಮುಗಿದ ಎರೆಹೊಲಗಳಲ್ಲಿ ದಿನವಿಡೀ ನಡೆದು ಮೇಯ್ದು ಬೆಳೆದವು. ಬೇಸಿಗೆ ಬಂದರೆ ಹಾಲುಮತದ ಕುರಿಗಾರರು ಹಿಂಡು ಹೊಡೆದುಕೊಂಡು ನೀರಾವರಿ ಬಯಲುಗಳತ್ತ ನಡೆಯುತ್ತಾರೆ. ರಾತ್ರಿ ರೈತರ ಹೊಲದಲ್ಲಿ ಕುರಿ ಕೂಡಿಸಿ ಗೊಬ್ಬರ ಕೊಟ್ಟು ಕಾಳು ಇಲ್ಲವೆ ಹಣ ಪಡೆಯುತ್ತಾರೆ. ಉಣ್ಣೆ ಕಂಬಳಿಯಾಗುತ್ತದೆ, ಚರ್ಮ ಡೊಳ್ಳಿಗೆ ಹೋಗುತ್ತದೆ. ಕುರಿಯ ಯಾವ ಭಾಗವೂ ವ್ಯರ್ಥವಲ್ಲ ಎಂಬುದನ್ನು ಅಡುಗೆಮನೆಗಿಂತ ಮೊದಲು ಕುರಿಹಟ್ಟಿ ಕಲಿಸುತ್ತದೆ.

ಈ ನಡಿಗೆಯ ಬದುಕು ಖಂಡದ ಮೇಲೂ ಗುರುತು ಬಿಟ್ಟಿರುತ್ತದೆ. ನಡೆದ ಕಾಲಿನಲ್ಲಿ ನಾರು ಹೆಚ್ಚು, ಚರಬಿ ಕಡಿಮೆ, ರುಚಿ ಗಾಢ. ಹಾಗಾಗಿಯೇ ಸಂತೆಯಲ್ಲಿ ತಿಳಿದವರು ಹಲ್ಲು ನೋಡುತ್ತಾರೆ. ಹಾಲುಹಲ್ಲಿನ ಮರಿಯಾದರೆ ಬೇಗ ಬೇಯುತ್ತದೆ, ರುಚಿ ತಿಳಿ. ಎರಡು ಹಲ್ಲು ಬಂದ ಟಗರಾದರೆ ವರ್ಷ ದಾಟಿದೆ ಎಂದು ಅರ್ಥ. ಬೇಯಲು ಹೊತ್ತು ಬೇಕು, ಸಾರಿಗೆ ಸತ್ವ ಹೆಚ್ಚು. ಬೆನ್ನಿನ ಮೇಲೆ, ಬಾಲದ ಬುಡದಲ್ಲಿ ಕೈಯಾಡಿಸಿ ಮೈ ತುಂಬಿದೆಯೇ ಎಂದು ನೋಡುತ್ತಾರೆ. 25 ಕಿಲೊ ತೂಗುವ ಟಗರಿನಿಂದ ಸಿಗುವುದು ಹೆಚ್ಚುಕಡಿಮೆ 11–12 ಕಿಲೊ ಮಾಂಸ, ಅದೂ ಎಲುಬು ಸೇರಿ. ಹಿಂಗಾಲಿನ ಒಂದು ತೊಡೆ 2 ಕಿಲೊ ಆಸುಪಾಸು.

ಯಾವ ಭಾಗ ಯಾವುದಕ್ಕೆ

ಮಾಂಸದ ಅಂಗಡಿಯಲ್ಲಿ “ಒಂದ ಕಿಲೊ ಕೊಡ್ರಿ” ಎಂದು ಕೇಳಿ ಸುಮ್ಮನೆ ನಿಂತರೆ ಎಲ್ಲವೂ ಒಂದೇ ಅಳತೆಯ ತುಂಡುಗಳಾಗಿ ಚೀಲ ಸೇರುತ್ತವೆ. ಹಳಬರು ಹಾಗೆ ನಿಲ್ಲುತ್ತಿರಲಿಲ್ಲ. ಭಾಗ ಹೇಳಿ ಕೇಳುತ್ತಿದ್ದರು. ಹಿಂದೊಡೆಯಲ್ಲಿ ಖಂಡ ಹೆಚ್ಚು, ಎಲುಬು ಕಡಿಮೆ. ಇಡಿಯಾಗಿ ಬೇಯಿಸಲು ಅದೇ ಸರಿ. ಮುಂದೊಡೆ, ಹೆಗಲಿನಲ್ಲಿ ನಾರು, ಚರಬಿ ಎರಡೂ ಇರುವುದರಿಂದ ಸಾರು ದಪ್ಪವಾಗುತ್ತದೆ. ಪಕ್ಕೆಲುಬು ಹುರಿದು ತಿನ್ನಲು ಚೆಂದ. ಕುತ್ತಿಗೆ, ಎದೆಯ ಭಾಗ ಬೇಳೆಯೊಂದಿಗೆ ಬೇಯಲು. ನಳ್ಳಿ ಎಲುಬು ಮನೆಯ ಸಣ್ಣ ಮಕ್ಕಳ ಪಾಲು; ಅದನ್ನು ತಟ್ಟೆಗೆ ಕುಟ್ಟಿ ಒಳಗಿನ ಮಜ್ಜೆ ಹೀರುವ ಸದ್ದು ಕೇಳದೆ ಹಬ್ಬ ಮುಗಿಯುವುದಿಲ್ಲ.

ತಲೆ, ಕಾಲುಗಳನ್ನು ಬೆಂಕಿಯಲ್ಲಿ ಸುಟ್ಟು, ಕೂದಲು ಕೆರೆದು, ತೊಳೆದು ಬೇರೆಯೇ ಬೇಯಿಸುತ್ತಾರೆ. ಕಾಲಿನ ಸೂಪು ಬಾಣಂತಿಗೆ, ಮೂಳೆ ಮುರಿದವರಿಗೆ, ಜ್ವರದಿಂದ ಎದ್ದವರಿಗೆ. ಬೋಟಿ ತೊಳೆಯುವುದು ದೊಡ್ಡ ಕೆಲಸ. ಬಿಸಿನೀರು, ಸುಣ್ಣ, ಉಪ್ಪು, ತಾಳ್ಮೆ ನಾಲ್ಕೂ ಬೇಕು. ಕಾಳಿಜ ಮಾತ್ರ ಕಾಯುವುದಿಲ್ಲ. ಕುರಿ ಕೊಯ್ದ ಅಂಗಳದಲ್ಲೇ ಕೆಂಡದ ಮೇಲೆ ಸುಟ್ಟು ಉಪ್ಪು–ಖಾರ ಸವರಿ ಮೊದಲ ತುತ್ತಾಗಿ ಹಂಚಿ ಮುಗಿಸಬೇಕು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಕುರಿಯ ಪುಪ್ಪುಸದಲ್ಲೋ ಕಾಳಿಜದಲ್ಲೋ ನೀರು ತುಂಬಿದ ಗುಳ್ಳೆಗಳು ಕಂಡರೆ ಅದನ್ನು ಎಸೆದು ನಾಯಿಗೆ ಹಾಕಬಾರದು. ಅದರಲ್ಲಿ ಲಾಡಿಹುಳದ ಮರಿಗಳಿರುತ್ತವೆ. ನಾಯಿಯ ಹೊಟ್ಟೆಯಲ್ಲಿ ಅವು ಬೆಳೆದು, ಅದರ ಮಲದ ಮೂಲಕ ಮೊಟ್ಟೆಗಳು ಮತ್ತೆ ಕುರಿಗೂ ಮನುಷ್ಯರಿಗೂ ತಲುಪುತ್ತವೆ. ಅಂಥ ಭಾಗವನ್ನು ಆಳವಾಗಿ ಹೂಳಬೇಕು, ಇಲ್ಲವೆ ಸುಡಬೇಕು.

ಕೆಂಡ, ಭಟ್ಟಿ, ಬೋಗಾಣಿ

ಪಶ್ಚಿಮದ ದೇಶಗಳಲ್ಲಿ ಕುರಿಮರಿಯ ತೊಡೆಯನ್ನು ಭಟ್ಟಿಯಲ್ಲಿಟ್ಟು ಒಣ ಶಾಖದಲ್ಲಿ ಬೇಯಿಸಿ, ಇಡೀ ಕುಟುಂಬ ಮೇಜಿನ ಸುತ್ತ ಕೂತು ಉಣ್ಣುವ ರೂಢಿ ಇದೆ. ಇಂಗ್ಲೆಂಡಿನಲ್ಲಿ ಭಾನುವಾರ ಆ ಊಟ; ಉಳಿದ ಮಾಂಸವನ್ನು ಕೊಚ್ಚಿ, ಮೇಲೆ ಆಲೂಗಡ್ಡೆ ಮುದ್ದೆ ಹರಡಿ, ಮತ್ತೆ ಭಟ್ಟಿಗಿಟ್ಟು ‘ಶೆಫರ್ಡ್ಸ್ ಪೈ’ ಮಾಡುತ್ತಾರೆ. ಆ ತಿನಿಸಿನ ಹೆಸರಿನಲ್ಲೂ ಕುರಿಗಾಹಿಯೇ ಇದ್ದಾನೆ. ಬ್ರಿಟಿಷರ ಕಾಲದ ಕಲ್ಕತ್ತೆಯ ಅಡುಗೆಯವರು ಉಳಿದ ಮಾಂಸವನ್ನು ಮೆಣಸಿನಕಾಯಿ, ಉಳ್ಳಾಗಡ್ಡಿಯೊಂದಿಗೆ ಹುರಿದು ‘ಜಾಲ್‌ಫ್ರೇಜಿ’ ಮಾಡಿದರು. ಉಳಿದ ಮಾಂಸಕ್ಕೆ ಹೊಸ ರೂಪ ಕೊಡುವುದು ಎಲ್ಲ ಕುರಿ ತಿನ್ನುವ ನಾಡುಗಳ ಸಮಾನ ಬುದ್ಧಿ.

ನಮ್ಮಲ್ಲೂ ಸುಡುವ ಕಲೆ ಹೊಸದಲ್ಲ. ಬಾದಾಮಿ ಚಾಲುಕ್ಯರ ವಂಶದವರೆಂದು ಹೇಳಿಕೊಂಡ ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕೆಂಡದ ಮೇಲೆ ಸುಟ್ಟ ಮಾಂಸದ ವಿವರಗಳಿವೆ, ಕಾಳಿಜ ಸುಡುವುದು, ಕರುಳಿಗೆ ಮಸಾಲೆ–ಮಜ್ಜೆ ತುಂಬಿ ಸುಡುವುದು ಎಲ್ಲ ಅಲ್ಲಿ ಬರುತ್ತವೆ. ಕನ್ನಡದಲ್ಲಿ ಬಂದ ಹಳೆಯ ಪಾಕಗ್ರಂಥ, ಮೂರನೇ ಮಂಗರಸನ ‘ಸೂಪಶಾಸ್ತ್ರ’, ಶಾಕಪಾಕಕ್ಕೆ ಮೀಸಲು. ಹೀಗಾಗಿ ಕನ್ನಡದ ಮಾಂಸದಡುಗೆಯ ಬಹುಪಾಲು ತಿಳಿವಳಿಕೆ ಕಾಗದ ಸೇರದೆ ಕೈಯಿಂದ ಕೈಗೆ ಬಂದದ್ದು. ಅದನ್ನು ಬರೆದಿಡದಿದ್ದರೆ ಒಂದು ತಲೆಮಾರಿನಲ್ಲೇ ಕಳೆದುಹೋದೀತು.

ಕಾಳಿಜದಂಥ ಮೃದು ಭಾಗಕ್ಕೆ ಕೆಂಡ ಸರಿ. ಆದರೆ ದಿನವಿಡೀ ನಡೆದ ಕುರಿಯ ತೊಡೆಗೆ ಬರೀ ಒಣ ಶಾಖ ಸಾಲದು. ಮಾಂಸದ ನಾರುಗಳನ್ನು ಕಟ್ಟಿಹಿಡಿಯುವ ಅಂಟುವಸ್ತು ಕೊಲಾಜನ್. ಅದು 70 ಡಿಗ್ರಿ ದಾಟಿದ ಮೇಲೆ, ನೀರಿನಂಶದ ಜೊತೆಯಲ್ಲಿ, ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ. ಬೆರಳಿಗೆ ಅಂಟುವ ಸಾರು, ಎಲುಬಿನಿಂದ ತಾನೇ ಬಿಡುವ ಖಂಡ ಎರಡೂ ಅದರ ಫಲ. ಅವಸರದ ಬೆಂಕಿಯಲ್ಲಿ ನಾರು ಬಿಗಿದು ನೀರು ಹೊರಗೆ ಹೋಗುತ್ತದೆ, ಕೊಲಾಜನ್ ಕರಗುವುದಿಲ್ಲ; ತೊಡೆ ಬೆಂದಂತೆ ಕಂಡರೂ ಹಲ್ಲಿಗೆ ರಬ್ಬರು. “ಖಂಡ ತನ್ನ ನೀರಾಗ ತಾನ ಬೇಯಬೇಕು” ಎಂದು ನಮ್ಮ ಮನೆಗಳಲ್ಲಿ ಹೇಳುವುದು ಇದನ್ನೇ. ಮೊದಲು ಹುರಿ, ಆಮೇಲೆ ದಪ್ಪ ತಳದ ಬೋಗಾಣಿಯಲ್ಲಿ ಮುಚ್ಚಿ ಸಣ್ಣ ಉರಿಯಲ್ಲಿ ಬಿಡು.

ಎರಡು ಕಿಲೊ ತೊಡೆ: ಮಾಡುವ ಬಗೆ

ಇದು ಆರು ಮಂದಿ ಹೊಟ್ಟೆ ತುಂಬ ಉಂಡು, ಮರುದಿನಕ್ಕೂ ಸ್ವಲ್ಪ ಉಳಿಯುವ ಲೆಕ್ಕ. ಎಲುಬು ಕಳೆದು, ಬೆಂದು ಕುಗ್ಗಿದ ಮೇಲೆ 2 ಕಿಲೊ ತೊಡೆಯಿಂದ ಸಿಗುವುದು ಸುಮಾರು 1 ಕಿಲೊ ಖಂಡ.

ತೊಡೆಯನ್ನು ತೊಳೆದು ನೀರು ಪೂರ್ತಿ ಒರೆಸಿ. ಚಾಕುವಿನಿಂದ ಅಲ್ಲಲ್ಲಿ ಒಂದು ಅಂಗುಲ ಆಳದ ಗೀಟು ಹಾಕಿ. ಸುಮಾರು 20 ಗ್ರಾಂ ಉಪ್ಪು, ಒಂದು ಚಮಚ ಅರಿಶಿಣ, ಎರಡು ಗಡ್ಡೆ ಬಳ್ಳೊಳ್ಳಿ ಮತ್ತು ಎರಡು ಅಂಗುಲ ಹಸಿಶುಂಠಿ ಅರೆದದ್ದು, ಮೂರು ದೊಡ್ಡ ಚಮಚ ಮಸಾಲೆ ಖಾರ, ಒಂದು ಬಟ್ಟಲು ಗಟ್ಟಿ ಮೊಸರು ಇವೆಲ್ಲ ಕಲಸಿ ಗೀಟುಗಳ ಒಳಕ್ಕೂ ಹೋಗುವಂತೆ ಸವರಿ. ಫ್ರಿಜ್ಜಿನಲ್ಲಿ ನಾಲ್ಕು ತಾಸು, ಸಾಧ್ಯವಾದರೆ ಇಡೀ ರಾತ್ರಿ ಇರಲಿ. ಮಸಾಲೆ ಖಾರ ಮನೆಯದೇ ಆದರೆ ಅರ್ಧ ಕೆಲಸ ಮುಗಿದಂತೆ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಒಣ ಕೊಬ್ಬರಿ, ಬಳ್ಳೊಳ್ಳಿ, ಲವಂಗ, ಚಕ್ಕೆ, ಕಲ್ಲುಹೂವು ಎಲ್ಲ ಹುರಿದು ಕುಟ್ಟಿ, ಬೇಸಿಗೆಯಲ್ಲೇ ವರ್ಷಕ್ಕಾಗುವಷ್ಟು ಮಾಡಿಟ್ಟುಕೊಳ್ಳುವ ಖಾರವದು.

ದಪ್ಪ ತಳದ ಅಗಲ ಬೋಗಾಣಿಯಲ್ಲಿ ಎಣ್ಣೆ ಕಾಯಿಸಿ. ಕುಸುಬಿ ಎಣ್ಣೆ ಸಿಕ್ಕರೆ ನಮ್ಮ ಸೀಮೆಯ ರುಚಿ ಬರುತ್ತದೆ. ತೊಡೆಯ ಎಲ್ಲ ಮಗ್ಗುಲೂ ಕಂದು ಬಣ್ಣ ಬರುವವರೆಗೆ ಹತ್ತು–ಹನ್ನೆರಡು ನಿಮಿಷ ಹೊರಳಿಸಿ ತೆಗೆದಿಡಿ. ಅದೇ ಎಣ್ಣೆಯಲ್ಲಿ ನಾಲ್ಕು ದೊಡ್ಡ ಉಳ್ಳಾಗಡ್ಡಿ ಹೆಚ್ಚಿ ಕೆಂಪಗೆ ಹುರಿಯಿರಿ. ಅರ್ಧ ಗಿಟುಕು ಒಣ ಕೊಬ್ಬರಿ, ಎರಡು ಚಮಚ ಗಸಗಸೆ, ಒಂದು ಚಮಚ ಎಳ್ಳು ಹುರಿದು ಅರೆದ ಮಸಾಲೆ ಹಾಕಿ ಎಣ್ಣೆ ಬಿಡುವವರೆಗೆ ಕೈಯಾಡಿಸಿ. ತೊಡೆಯನ್ನು ಮತ್ತೆ ಇಟ್ಟು ಎರಡು ಲೋಟ ಬಿಸಿನೀರು ಸುರಿಯಿರಿ. ತಣ್ಣೀರು ಬೇಡ.

ಬೋಗಾಣಿಯ ಮೇಲೆ ಗುಳಿ ಇರುವ ತಟ್ಟೆ ಮುಚ್ಚಿ, ಆ ತಟ್ಟೆಯಲ್ಲಿ ನೀರು ಹಾಕಿ. ಒಳಗಿನ ಆವಿ ತಟ್ಟೆಯ ತಂಪಿಗೆ ನೀರಾಗಿ ಮತ್ತೆ ಖಂಡದ ಮೇಲೇ ಬೀಳುತ್ತದೆ. ಒಳಗೆ ನೀರು ಕಡಿಮೆಯಾದರೆ ತಟ್ಟೆಯಲ್ಲಿ ಬಿಸಿಯಾದ ನೀರೇ ಇದೆ. ಅತಿ ಸಣ್ಣ ಉರಿಯಲ್ಲಿ ಎರಡೂವರೆಯಿಂದ ಮೂರು ತಾಸು. ಅರ್ಧ ತಾಸಿಗೊಮ್ಮೆ ತೊಡೆ ಹೊರಳಿಸಿ. ಚಾಕು ತಡೆಯಿಲ್ಲದೆ ಇಳಿದು, ಎಲುಬಿನ ತುದಿಯಿಂದ ಖಂಡ ಹಿಂದೆ ಸರಿದಿದ್ದರೆ ಬೆಂದಿದೆ. ಒಲೆ ಆರಿಸಿ ಕಾಲು ತಾಸು ಮುಟ್ಟದೆ ಬಿಡಿ. ಆಮೇಲೆ ಹೋಳು ಮಾಡಿದರೆ ರಸ ಹೊರಗೆ ಹರಿಯುವುದಿಲ್ಲ.

ಬಡಿಸುವಾಗ ಬಿಸಿ ಬಿಸಿ ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ಲಿಂಬೆಹಣ್ಣು. ಕುರಿಯ ಚರಬಿ ಸುಮಾರು 45 ಡಿಗ್ರಿಯ ಸುತ್ತಲೇ ಗಟ್ಟಿಯಾಗತೊಡಗುವುದರಿಂದ ಆರಿದ ಖಂಡ ಅಂಗುಳಕ್ಕೆ ಅಂಟುತ್ತದೆ. ಬಿಸಿಯಾಗಿರುವಾಗಲೇ ಉಣ್ಣಬೇಕು ಎಂದು ಹಿರಿಯರು ಅವಸರಪಡಿಸುತ್ತಿದ್ದುದಕ್ಕೆ ಕಾರಣ ಅದು.

ಉಂಡ ಮೇಲಿನ ಎರಡು ತಾಸು

ಮರುದಿನದ ಊಟ ಚೆನ್ನಾಗಿರುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಹಿಂದಿನ ರಾತ್ರಿ, ಊಟ ಮುಗಿದ ಎರಡು ತಾಸಿನಲ್ಲಿ. ನಮ್ಮ ಹಿರಿಯರು ರಾತ್ರಿ ಮಲಗುವ ಮುಂಚೆ ಸಾರನ್ನು ಮರಳಿಸಿ, ಮುಂಜಾನೆ ಎದ್ದ ಕೂಡಲೇ ಮತ್ತೆ ಮರಳಿಸುತ್ತಿದ್ದರು. ಫ್ರಿಜ್ ಇಲ್ಲದ ಕಾಲಕ್ಕೆ ಅವರ ಕೈಯಲ್ಲಿದ್ದ ಉಪಾಯ ಅದೊಂದೇ. ಆದರೆ ಅದು ಪೂರ್ತಿ ಸುರಕ್ಷಿತವಲ್ಲ ಎಂಬುದನ್ನು ಇಂದು ನಾವು ಬಲ್ಲೆವು. 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ರೋಗಾಣುಗಳು ವೇಗವಾಗಿ ಹೆಚ್ಚುತ್ತವೆ. ದೊಡ್ಡ ಬೋಗಾಣಿಯ ದಪ್ಪ ಸಾರು ಆರಲು ಹಲವು ತಾಸು ಹಿಡಿಯುತ್ತದೆ; ಕುದಿಯಲ್ಲೂ ಸಾಯದ ಕೆಲವು ಬೀಜಾಣುಗಳು ಆ ಉಗುರುಬೆಚ್ಚನೆಯ ಹೊತ್ತಿನಲ್ಲಿ ಮೊಳೆತು ಬೆಳೆಯುತ್ತವೆ. ಕೆಲವು ರೋಗಾಣುಗಳು ಬಿಟ್ಟ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಏಪ್ರಿಲ್–ಮೇನಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಅದಕ್ಕೆ ಕ್ರಮ ಇಷ್ಟು. ಉಣ್ಣುವ ಮುಂಚೆಯೇ ಮರುದಿನದ ಪಾಲನ್ನು ಬೇರೆ ತೆಗೆದಿಡಿ. ತಟ್ಟೆಯ ಎಂಜಲು ಸೌಟು ಅದಕ್ಕೆ ತಾಕದಿರಲಿ. ಖಂಡವನ್ನು ಎಲುಬಿನಿಂದ ಬಿಡಿಸಿ, ಅಗಲವಾದ ಗಿಡ್ಡ ಪಾತ್ರೆಗಳಲ್ಲಿ ಹರಡಿ, ಬೇಕಾದರೆ ತಣ್ಣೀರಿನ ಪರಾತದಲ್ಲಿ ಇಟ್ಟು ಬೇಗ ಆರಿಸಿ. ಎರಡು ತಾಸಿನೊಳಗೆ, ಕಡುಬೇಸಿಗೆಯಲ್ಲಿ ಒಂದು ತಾಸಿನೊಳಗೆ ಫ್ರಿಜ್ ಸೇರಲಿ. ಮೂರು ದಿನದೊಳಗೆ ಮುಗಿಸಿ. ಮತ್ತೆ ಬಿಸಿ ಮಾಡುವಾಗ ಬೇಕಾದಷ್ಟನ್ನೇ ತೆಗೆದು ಒಳಗಿನವರೆಗೂ ಕುದಿಸಿ, ಬೆಚ್ಚಗಾದರೆ ಸಾಲದು.

ಖಂಡವನ್ನು ಒಣದಾಗಿ ಇಡಬೇಡಿ, ಸಾರಿನೊಳಗೆ ಮುಳುಗಿಸಿಡಿ. ಬೆಂದ ಮಾಂಸಕ್ಕೆ ಗಾಳಿ ತಾಕಿದರೆ ಅದರ ಕೊಬ್ಬು ಕೆಟ್ಟು, ಮರುದಿನ ಬಿಸಿ ಮಾಡಿದಾಗ ಒಂಥರ ಕಮಟು ವಾಸನೆ ಬರುತ್ತದೆ. ಅಮೆರಿಕದ ವಿಜ್ಞಾನಿಗಳು 1958ರಲ್ಲಿ ಈ ಕೆಡುಕನ್ನು ಗುರುತಿಸಿ ಅದಕ್ಕೊಂದು ಹೆಸರು ಕೊಟ್ಟರು. ಒಣ ಶಾಖದಲ್ಲಿ ಬೆಂದ ಮಾಂಸಕ್ಕೆ ಈ ಕಾಟ ಹೆಚ್ಚು. ಮಸಾಲೆ ಸಾರಿನಲ್ಲಿ ಮುಳುಗಿದ್ದಕ್ಕೆ ಕಡಿಮೆ, ಏಕೆಂದರೆ ಸಾರು ಗಾಳಿಯನ್ನು ತಡೆಯುತ್ತದೆ, ಲವಂಗ, ಅರಿಶಿಣದಂಥವು ಕೊಬ್ಬು ಕೆಡುವುದನ್ನು ನಿಧಾನಗೊಳಿಸುತ್ತವೆ. ಮಸಾಲೆಯೂ ಒಂದು ರಾತ್ರಿಯಲ್ಲಿ ಖಂಡದೊಳಕ್ಕೆ ಇನ್ನಷ್ಟು ಇಳಿದಿರುತ್ತದೆ. ‘ನಿನ್ನಿ ಸಾರು’ ಇವತ್ತು ಹೆಚ್ಚು ರುಚಿ ಎನ್ನುವವರ ನಾಲಿಗೆ ಸುಳ್ಳು ಹೇಳುತ್ತಿಲ್ಲ.

ಸೋಮವಾರ ಮಾಂಸ ಮುಟ್ಟದ ಮನೆಗಳು ನಮ್ಮಲ್ಲಿ ಬಹಳ. ಅಂಥವರು ರವಿವಾರ ಅಡುಗೆ ಮಾಡುವುದಾದರೆ ಉಳಿದದ್ದು ಮಂಗಳವಾರದವರೆಗೆ ಕಾಯಬೇಕು. ಫ್ರಿಜ್ಜಿನಲ್ಲಿ ಅಷ್ಟು ಹೊತ್ತು ಸುರಕ್ಷಿತವೇ. ಫ್ರಿಜ್ ಇಲ್ಲದಿದ್ದರೆ ರವಿವಾರ ರಾತ್ರಿಗೇ ಮುಗಿಯುವಷ್ಟು ಮಾತ್ರ ತರುವುದು ಜಾಣತನ.

ಉಳಿದದ್ದರ ಐದು ದಾರಿ

ಮೊದಲನೆಯದು ರೊಟ್ಟಿ ಮುರಿದ ಸಾರು. ಖಡಕ್ ರೊಟ್ಟಿಯನ್ನು ದೊಡ್ಡ ಚೂರುಗಳಾಗಿ ಮುರಿದು ಗಂಗಾಳಕ್ಕೆ ಹಾಕಿ, ಮೇಲೆ ಕುದಿಯುವ ಸಾರು ಸುರಿದು ಐದು ನಿಮಿಷ ಮುಚ್ಚಿಡಿ. ರೊಟ್ಟಿ ಸಾರು ಕುಡಿದು ಮೆತ್ತಗಾಗುತ್ತದೆ, ನಡುವೆ ಅಲ್ಲೊಂದು ಇಲ್ಲೊಂದು ಚೂರು ಇನ್ನೂ ಕಟುಂ ಎನ್ನಬೇಕು. ಮೇಲೆ ಹೆಚ್ಚಿದ ಉಳ್ಳಾಗಡ್ಡಿ, ಲಿಂಬೆರಸ. ಖಂಡ ಒಂದು ತುಂಡೂ ಉಳಿಯದಿದ್ದರೂ ಸಾರೊಂದಿದ್ದರೆ ಸಾಕು. ಹುನಗುಂದದ ಎರೆಹೊಲದ ಬಿಳಿಜೋಳದ ರೊಟ್ಟಿಯಾದರೆ ಅದರ ಸಿಹಿ ಖಾರಕ್ಕೆ ಜೊತೆಯಾಗುತ್ತದೆ.

ಎರಡನೆಯದು ಸುಕ್ಕಾ. ಖಂಡವನ್ನು ಕೈಯಿಂದ ಎಳೆ ಎಳೆಯಾಗಿ ಬಿಡಿಸಿ. ಸಾರಿನ ಮೇಲಿಂದ ಎತ್ತಿಟ್ಟ ಚರಬಿಯನ್ನು ಹಂಚಿಗೆ ಹಾಕಿ. ಬೇರೆ ಎಣ್ಣೆ ಬೇಕಿಲ್ಲ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು ಹುರಿದು ಖಂಡ ಸೇರಿಸಿ ಅಂಚು ಗರಿಯಾಗುವವರೆಗೆ ಬಿಡಿ. ಕೊನೆಗೆ ಒಂದು ಚಮಚ ಗುರೆಳ್ಳು ಪುಡಿ. ಬಿಸಿ ಸಜ್ಜೆ ರೊಟ್ಟಿಯಲ್ಲಿ ಸುತ್ತಿಕೊಟ್ಟರೆ ಶಾಲೆಗೆ ಹೋಗುವ ಮಕ್ಕಳ ಬುತ್ತಿ ಸಿದ್ಧ.

ಮೂರನೆಯದು ಪುಂಡಿಪಲ್ಲೆ. ಪುಂಡಿ ಸೊಪ್ಪನ್ನು ಬೇಯಿಸಿ ಕಿವುಚಿ, ಒಂದು ಹಿಡಿ ಬೇಳೆ, ಸ್ವಲ್ಪ ಜೋಳದ ನುಚ್ಚು ಸೇರಿಸಿ ಬೇಯಿಸಿ, ಚೂರು ಖಂಡ ಹಾಕಿ, ಬಳ್ಳೊಳ್ಳಿ ಒಗ್ಗರಣೆ ಕೊಡಿ. ಸೊಪ್ಪಿನ ಹುಳಿ ಚರಬಿಯ ಜಿಡ್ಡನ್ನು ಕಡಿಯುತ್ತದೆ. 200 ಗ್ರಾಂ ಖಂಡ ಇಲ್ಲಿ ಐದು ಮಂದಿಗೆ ಸಾಲುತ್ತದೆ.

ನಾಲ್ಕನೆಯದು ಎಲುಬಿನ ಬೇಳೆ. ತೊಡೆಯ ಎಲುಬನ್ನು ಒಡೆದು ಕುಕ್ಕರಿನಲ್ಲಿ ನೀರು, ಶುಂಠಿ ಹಾಕಿ ಮುಕ್ಕಾಲು ತಾಸು ಬೇಯಿಸಿ ಸೋಸಿ. ಆ ನೀರಿನಲ್ಲಿ ಕಡ್ಲಿಬೇಳೆ, ತೊಗರಿಬೇಳೆ, ಸೋರೆಕಾಯಿ ಬೇಯಿಸಿ ಹುಣಸೆಹುಳಿ ಬಿಟ್ಟರೆ ಇಳಕಲ್, ಬಾಗಲಕೋಟೆಯ ಮುಸ್ಲಿಂ ಮನೆಗಳ ದಾಲ್ಚಾ. ಬಿಸಿ ಅನ್ನಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ನಾನು ಕಂಡಿಲ್ಲ.

ಐದನೆಯದು ಖಂಡದ ವಡೆ. ಒಂದು ಹಿಡಿ ಬೇಯಿಸಿದ ಕಡ್ಲಿಬೇಳೆಯ ಜೊತೆ ಉಳಿದ ಖಂಡವನ್ನು ಒಳ್ಳಿನಲ್ಲಿ ಕುಟ್ಟಿ, ಉಳ್ಳಾಗಡ್ಡಿ, ಕೊತ್ತಂಬರಿ ಸೇರಿಸಿ, ತಟ್ಟಿ, ಹಂಚಿನ ಮೇಲೆ ಬೇಯಿಸುವುದು. ಕೊನೆಯ ಚೂರುಗಳಿಗೂ ಇದರಲ್ಲಿ ಜಾಗ ಇದೆ.

ಇಳಕಲ್ ಸೀರೆ ನೇಯುವವರು ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಒಡಲು ಬೇರೆ, ಸೆರಗು ಬೇರೆ. ಆದರೆ ಉಟ್ಟಾಗ ಅದು ಒಂದೇ ಸೀರೆ. ಮರುದಿನದ ಅಡುಗೆಯೂ ಹಾಗೆ ಕೂಡಿಕೊಳ್ಳಬೇಕು. ನಿನ್ನೆಯದರ ಗುಣ ಅದರಲ್ಲಿರಬೇಕು, ಉಣ್ಣುವವರಿಗೆ ಮಾತ್ರ ಹೊಸದೆನ್ನಿಸಬೇಕು.

ಒಣ ಖಂಡ

ಫ್ರಿಜ್ ಬರುವ ಮುಂಚೆ ದೀರ್ಘಕಾಲದ ಉಳಿಕೆಗೆ ಇದ್ದ ದಾರಿ ಒಣಗಿಸುವುದು. ಜಾತ್ರೆಯ ಬ್ಯಾಟಿಯಲ್ಲೋ ಬಕ್ರೀದಿನಲ್ಲೋ ಹಸಿ ಖಂಡ ಹೆಚ್ಚಾದರೆ ಚರಬಿ ತೆಗೆದು, ಉದ್ದುದ್ದ ಎಳೆಗಳಾಗಿ ಸೀಳಿ, ಉಪ್ಪು, ಅರಿಶಿಣ, ಖಾರ ಹಚ್ಚಿ, ಹಗ್ಗದ ಮೇಲೆ ಹರವಿ ಬಿಸಿಲಿಗೆ ಬಿಡುತ್ತಿದ್ದರು. ನಮ್ಮ ಬಿಸಿಲು ಸುಡುವಂಥದ್ದು, ಗಾಳಿ ಒಣದು. ಎರಡು–ಮೂರು ದಿನದಲ್ಲಿ ಖಂಡ ಕಟ್ಟಿಗೆಯಂತಾಗುತ್ತಿತ್ತು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡದೆ ಇರುವುದಕ್ಕೂ ಒಣ ಖಂಡ ಕೆಡದೆ ಇರುವುದಕ್ಕೂ ಕಾರಣ ಒಂದೇ: ನೀರಿನಂಶವಿಲ್ಲದ ಕಡೆ ರೋಗಾಣು ಬೆಳೆಯುವುದಿಲ್ಲ. ತಿಂಗಳುಗಟ್ಟಲೆ ಹಿಂಡಿನೊಂದಿಗೆ ನಡೆಯುವ ಕುರಿಗಾರರ ಗಂಟಿನಲ್ಲಿ ಎರಡೂ ಇರುತ್ತಿದ್ದವು. ಕೆಂಡದಲ್ಲಿ ಸುಟ್ಟು, ಕಲ್ಲಿನಿಂದ ಜಜ್ಜಿ, ರೊಟ್ಟಿಗೆ ಹಚ್ಚಿಕೊಂಡರೆ ಅಡವಿಯಲ್ಲೇ ಊಟ. ನೊಣ ಮುತ್ತದಂತೆ ತೆಳು ಬಟ್ಟೆ ಮುಚ್ಚಿ, ಮೋಡವಿಲ್ಲದ ದಿನ ನೋಡಿ ಒಣಗಿಸಿದರೆ ಇಂದಿಗೂ ಮಾಡಬಹುದು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬಾರದು.

ಪಾಲು

ಮನೆಯೊಳಗೆ ಉಳಿಯುವುದಕ್ಕಿಂತ ಮುಂಚೆ ಹಂಚುವುದು ಬರುತ್ತದೆ. ಹಳ್ಳಿಗಳಲ್ಲಿ ಐದಾರು ಮನೆಗಳು ಸೇರಿ ಒಂದು ಟಗರು ತಂದು, ಎಲ್ಲ ಭಾಗವೂ ಎಲ್ಲರಿಗೂ ಬರುವಂತೆ ಪಾಲು ಹಾಕಿಕೊಳ್ಳುತ್ತಾರೆ. ತೊಡೆಯ ಖಂಡವೂ ಎಲುಬೂ ಕಾಳಿಜವೂ ಪ್ರತಿ ಪಾಲಿನಲ್ಲಿ ಇರುತ್ತವೆ. ಬಕ್ರೀದಿನ ಕುರ್ಬಾನಿಯ ಮಾಂಸ ಮೂರು ಪಾಲಾಗುತ್ತದೆ: ಮನೆಯವರಿಗೆ, ಬಂಧುಬಳಗಕ್ಕೆ, ಬಡವರಿಗೆ. ಉಳಿಕೆಯ ಚಿಂತೆಗೆ ಇದಕ್ಕಿಂತ ಹಳೆಯ, ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಮಾಂಸ ಮುಟ್ಟದ ಮನೆಗಳೂ ಇದೇ ಓಣಿಗಳಲ್ಲಿವೆ. ಕೂಡಲಸಂಗಮ ಇರುವುದು ಹುನಗುಂದ ತಾಲ್ಲೂಕಿನಲ್ಲೇ. ಹರಕೆಯ ಕುರಿಯನ್ನು ಕಂಡು ಮರುಗಿದ ಬಸವಣ್ಣನವರ ವಚನವನ್ನು ಇಲ್ಲಿನ ಮಕ್ಕಳು ಕೇಳಿಯೇ ಬೆಳೆಯುತ್ತಾರೆ. ಬಾದಾಮಿಯ ಬನಶಂಕರಿಗೆ ಪುಷ್ಯಮಾಸದ ಜಾತ್ರೆಯ ಹೊತ್ತಿಗೆ 108 ಬಗೆಯ ಪಲ್ಯಗಳ ನೈವೇದ್ಯ. ಶ್ರಾವಣ ಬಂದರೆ ಖಂಡ ತಿನ್ನುವ ಎಷ್ಟೋ ಮನೆಗಳೂ ಪಾತ್ರೆ ತೊಳೆದು ಮೇಲಿಟ್ಟು ತಿಂಗಳು ಕಾಯುತ್ತವೆ. ಬೇಡ ಎನ್ನುವವರ ಕರುಣೆಯನ್ನು ಉಣ್ಣುವವರು ಗೌರವಿಸಬಹುದಾದ ಒಂದು ದಾರಿ ಉಂಟು. ತಿನ್ನುವುದನ್ನು ಅಳತೆಯಲ್ಲಿ ತಿನ್ನುವುದು, ತಂದದ್ದನ್ನು ಹಾಳು ಮಾಡದಿರುವುದು.

ಈಗ ನಾವು ಆ ದಾರಿ ಬಿಟ್ಟು ದೂರ ಬರುತ್ತಿದ್ದೇವೆ. ಆಲಮಟ್ಟಿಯ ಹಿನ್ನೀರಿನಿಂದಾಗಿ ಹಳೆ ಬಾಗಲಕೋಟೆಯ ಓಣಿಗಳನ್ನು ಬಿಟ್ಟು ನವನಗರಕ್ಕೆ ಬಂದ ಮನೆಗಳಲ್ಲಿ ಹಿತ್ತಲ ಒಲೆಯ ಜಾಗಕ್ಕೆ ಗ್ಯಾಸು, ಕುಕ್ಕರು, ಫ್ರಿಜ್ಜು ಬಂದವು. ಅನುಕೂಲ ಹೆಚ್ಚಿತು, ಅದರ ಬಗ್ಗೆ ತಕರಾರಿಲ್ಲ. ಆದರೆ ಉಳಿಸಿಡುವ ಸಾಧನ ಮನೆಗೆ ಬಂದ ಕಾಲದಲ್ಲೇ ಉಳಿದದ್ದನ್ನು ಎಸೆಯುವ ರೂಢಿಯೂ ಬಂದಿತು. ಕಾರ್ಯಕ್ರಮಗಳ ಮರುದಿನ ಸಭಾಭವನಗಳ ಹಿಂದೆ ಬಕೆಟ್ಟುಗಟ್ಟಲೆ ಮಾಂಸದಡುಗೆ ಚೆಲ್ಲಿದ್ದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಒಂದು ಟಗರು ಬೆಳೆಯಲು ಕುರಿಗಾರ ಬಿಸಿಲು–ಮಳೆಯಲ್ಲಿ ವರ್ಷವಿಡೀ ನಡೆದಿರುತ್ತಾನೆ. ಆ ಪ್ರಾಣಿ ತನ್ನ ಜೀವವನ್ನೇ ಕೊಟ್ಟಿರುತ್ತದೆ.

ಮುಂದಿನ ಸಲ ನಿಮ್ಮ ಮನೆಯಲ್ಲಿ ಖಂಡದಡುಗೆ ಮಾಡುವಾಗ ಎರಡು ಊಟದ ಲೆಕ್ಕ ಹಾಕಿ ತನ್ನಿ. ಮೊದಲ ಊಟಕ್ಕೆ ಕೂಡುವ ಮುಂಚೆ ಎರಡನೆಯದರ ಪಾಲು ಬೇರೆ ತೆಗೆದು ತಂಪಿನಲ್ಲಿಡಿ. ಮರುದಿನ ಮಕ್ಕಳನ್ನು ಒಲೆಯ ಹತ್ತಿರ ಕರೆದು, ಎಲುಬಿನಿಂದ ಖಂಡ ಬಿಡಿಸುವುದನ್ನು, ಚರಬಿ ಎತ್ತುವುದನ್ನು, ಪುಂಡಿಪಲ್ಲೆಗೆ ಅದನ್ನು ಕೂಡಿಸುವುದನ್ನು ಅವರ ಕೈಯಿಂದಲೇ ಮಾಡಿಸಿ. ಅವ್ವ ನನಗೆ ಕಲಿಸಿದ್ದು ಹಾಗೆ.